ದೀಪದ ಮುದುಕನ ಕಾಲು

ಹದಿನೆಂಟು ವರ್ಷದ ಹಿಂದೆ ನಾನು ಚಿತ್ರ ಬರೆದುಕೊಟ್ಟ ವಿಡಿಯೊ ಗೇಮ್ ಒಂದಿದೆ. ಬೀದಿ ದೀಪ ಹಚ್ಚುತ್ತ ಓಡಾಡುವ ಮುದುಕನೇ ಅದರ ನಾಯಕ. ಹದಿನಾರು ಪಿಕ್ಸೆಲ್ ಅಗಲ, ಇಪ್ಪತ್ತನಾಲ್ಕು ಎತ್ತರ. ಮೂಗಿಗೆ ಒಂದೇ ಚುಕ್ಕಿ, ಕಣ್ಣಿಗೆ ಅದೂ ಇಲ್ಲ. ನಡಿಗೆ ಮಾತ್ರ ಅಪ್ಪನದು: ಒಂದು ಕಾಲು ಎಳೆದು, ಚೂರು ನಿಂತು, ಮತ್ತೊಂದು ಹೆಜ್ಜೆ. ಅಪ್ಪ ಅದನ್ನು ನೋಡಿ, "ನನ್ನ ಕುಂಟನ್ನೂ ಬಿಡ್ಲಿಲ್ವಲ್ಲೋ" ಎಂದು ನಕ್ಕಿದ್ದರು. ಎರಡು ವರ್ಷಕ್ಕೆ ತೀರಿಕೊಂಡರು. ಮನೆಯಲ್ಲಿರುವುದೆಲ್ಲ ಅವರು ನಿಂತ, ಕೂತ ಫೋಟೊಗಳು. ನಡೆಯುವ ಅಪ್ಪ ಉಳಿದಿದ್ದು ಆ ಆಟದಲ್ಲಿ ಮಾತ್ರ.

ಈಗ ಕಂಪನಿಗೆ ಅದರ ಹೊಸ ಆವೃತ್ತಿ ಬೇಕಂತೆ. ಚಿತ್ರಗಳೆಲ್ಲ ನಾಲ್ಕು ಪಟ್ಟು ದೊಡ್ಡದಾಗಬೇಕು, ನಡಿಗೆಗೆ ನಾಲ್ಕು ಚಿತ್ರವಿದ್ದಲ್ಲಿ ಹನ್ನೆರಡು ಬೇಕು. ನಾನು ಕುಣಿದುಕೊಂಡೇ ಒಪ್ಪಿದೆ. ಈ ಸಲ ಅಪ್ಪನಿಗೆ ಕಣ್ಣು ಬರೆಯಬಹುದು ಎಂಬ ಆಸೆ.

ಮೂರನೇ ದಿನ ಆಟ ಪರೀಕ್ಷಿಸುವಾಕೆ ನನ್ನ ಮೇಜಿನ ಬಳಿ ಬಂದರು. "ಸರ್, ಈ ತಾತಂಗೆ ಯಾವ ಕಾಲು ನೋವು? ಬಲಕ್ಕೆ ಹೋಗುವಾಗ ಎಡಗಾಲು ಎಳೀತಾರೆ. ಎಡಕ್ಕೆ ತಿರುಗಿದ್ರೆ ಬಲಗಾಲು."

ತಪ್ಪು ನನ್ನದೇ. ಆಗ ಜಾಗ ಉಳಿಸಲು ಒಂದು ದಿಕ್ಕಿನ ನಡಿಗೆ ಮಾತ್ರ ಬರೆದು, ಇನ್ನೊಂದು ದಿಕ್ಕಿಗೆ ಅದನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುತ್ತಿದ್ದೆವು. ಮಗುಚಿದಾಗ ಕುಂಟೂ ಕಾಲು ಬದಲಿಸಿತ್ತು. ಅಷ್ಟು ಪುಟ್ಟ ಚಿತ್ರದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೊಡ್ಡದು ಮಾಡಿದ್ದೇ ತಡ, ಎದ್ದು ಕಾಣತೊಡಗಿತು. ಮಾಡಿದ್ದುಣ್ಣೋ ಮಹಾರಾಯ.

"ಸರಿಯಾದ ಕಾಲು ಯಾವ್ದು ಹೇಳಿ. ಇನ್ನೊಂದು ಕಡೇದು ಹೊಸದಾಗಿ ಬರೆದ್ರೆ ಆಯ್ತಲ್ಲ" ಎಂದರು ಆಕೆ.

ಹೇಳಲು ಬಾಯಿ ತೆರೆದೆ. ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಕಂಡ ಅಪ್ಪನ ಕಾಲು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬರುತ್ತಿದ್ದವನು ದೀಪದ ಮುದುಕ, ಚೌಕ ಚೌಕವಾಗಿ. ಅವನ ಹಿಂದೆ ಯಾರೂ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಎಡಗಾಲು ಕಣೋ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಐದು ನಿಮಿಷ ಬಿಟ್ಟು ಅವಳೇ ಫೋನ್ ಮಾಡಿದಳು. "ಇಲ್ಲ, ಬಲ ಇರ್ಬೇಕು. ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡ್ಕೋತಿದ್ರಲ್ಲ. ಆದ್ರೆ ನಾನು ಯಾವ ಕಡೆ ಇರ್ತಿದ್ದೆ?" ಎಂಥ ಮಕ್ಕಳು ನಾವು ಎಂದು ನಾಚಿಕೆಯಾಯಿತು.

ಉಳಿದವಳು ಅಮ್ಮ, ಆ ಕಾಲಿಗೆ ದಿನಾ ಎಣ್ಣೆ ತಿಕ್ಕಿದವಳು. ಆದರೆ ಅವಳಿಗೆ ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ. ನನ್ನನ್ನು ಒಮ್ಮೊಮ್ಮೆ ತನ್ನ ತಮ್ಮನೆಂದುಕೊಳ್ಳುತ್ತಾಳೆ. ಅಂಗೈಯಗಲದ ಯಂತ್ರದಲ್ಲಿ ಆ ಹಳೇ ಆಟ ಹಾಕಿ ಕೈಗಿಟ್ಟರೆ ಮಾತ್ರ ಮುದುಕನನ್ನು ತಪ್ಪದೆ ಗುರುತು ಹಿಡಿದು, "ಬಂದ್ರು ನೋಡು ಸಾಹೇಬ್ರು" ಎನ್ನುತ್ತಾಳೆ.

ಅರ್ಧ ದಿನ ರಜೆ ಹಾಕಿ ಮನೆಗೆ ಹೋದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅದೇ ಆಟ ಹಿಡಿದು ಕೂತಿದ್ದಳು. ಅವಳ ಎದುರು ನೆಲದ ಮೇಲೆ ಕೂತು ಕೇಳಿದೆ. "ಅಮ್ಮ, ಅಪ್ಪಂಗೆ ಯಾವ ಕಾಲು ನೋಯ್ತಿತ್ತು?"

ಅವಳ ಮುಖ ಅರಳಿತು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಅವಳಿಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತೇನೋ. ಗುಂಡಿ ಒತ್ತಿ ಮುದುಕನನ್ನು ಆ ಕಡೆ ನಡೆಸಿದಳು. ಮತ್ತೆ ಈ ಕಡೆ ತಿರುಗಿಸಿದಳು.

"ಹೋಗುವಾಗ ಎಡ, ಬರುವಾಗ ಬಲ" ಎಂದಳು. "ಅದಕ್ಕೇ ಅಲ್ವಾ ನಾನು ಎರಡಕ್ಕೂ ಎಣ್ಣೆ ಹಚ್ತಿದ್ದಿದ್ದು."

ನಾನು ಹೌದಮ್ಮ ಎಂದೆ. ಮಾರನೇ ದಿನ ಆಫೀಸಿನಲ್ಲಿ ಎಡಗಾಲು ಎಂದು ಹೇಳಿ, ಯಾರೋ ಒಬ್ಬ ಮುದುಕನನ್ನು ಬಹಳ ಚೆನ್ನಾಗಿ ಬರೆದುಕೊಟ್ಟೆ.