ಟ್ರೆಬಲ್ ಗುಂಡಿ

ಸರ್ಜಾಪುರದ ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಗೀತೆ ಹಾಡುತ್ತಿದ್ದ ಹುಡುಗಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಧ್ವನಿವರ್ಧಕದ ಹಾರ್ನ್‌ಗಳು ಸೀಟಿ ಹೊಡೆದವು. ಜನ ಕಿವಿ ಮುಚ್ಚಿಕೊಂಡರು. ವೇದಿಕೆಯ ಮೇಲಿದ್ದ ಹೆಡ್‌ಮಾಸ್ಟರು ಎದ್ದು ನಿಂತು ಕೈಬೀಸಿದರು. ಆಂಪ್ಲಿಫೈಯರಿನ ಮುಂದೆ ಕೂತಿದ್ದ ವೆಂಕಟಪ್ಪ ಅತ್ತಿತ್ತ ನೋಡಿದನೇ ಹೊರತು ಗುಂಡಿಗೆ ಕೈ ಹಾಕಲಿಲ್ಲ. ಕೊನೆಗೆ ತಮ್ಮ ಚಿಕ್ಕಬೈರಪ್ಪ ಓಡಿಬಂದು, ದನಿಯನ್ನು ಚೂಪು ಮಾಡುವ ಟ್ರೆಬಲ್ ಗುಂಡಿಯನ್ನು ಇಳಿಸಿದ.

"ನಿನ್ ಡಬ್ಬದ್ದೇ ಕಣ್ಲಾ ಇದು," ಎಂದ ವೆಂಕಟಪ್ಪ, ನಾಲ್ಕು ಜನರಿಗೆ ಕೇಳುವಂತೆ. "ಇಪ್ಪತ್ತು ವರ್ಸದಿಂದ ಮೈಕ್‌ಸೆಟ್ ಕಟ್ತಾ ಇವ್ನಿ. ಒಂದಿನಾನೂ ಇಂಗೆ ಕಿರುಚಿರ್ನಿಲ್ಲ."

ಡಬ್ಬವೆಂದರೆ ಚಿಕ್ಕಬೈರಪ್ಪ ತಾನೇ ಮಾಡಿದ ಮಿಕ್ಸರ್. ಅದಕ್ಕೆ ಐದು ಮೈಕು ಜೋಡಿಸಿ, ಒಂದೊಂದರ ದನಿಯನ್ನೂ ಬೇರೆಬೇರೆಯಾಗಿ ಏರಿಸಬಹುದಿತ್ತು, ಇಳಿಸಬಹುದಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಶುರುವಾಗಿದ್ದ ಕಾರ್ಖಾನೆಯೊಂದರಲ್ಲಿ ಅವನು ಟೆಸ್ಟಿಂಗ್ ಕೆಲಸಕ್ಕಿದ್ದ. ಅಲ್ಲಿ ಬೇಡವೆಂದು ಎತ್ತಿಟ್ಟ ಬಿಡಿಭಾಗಗಳನ್ನು ಸೂಪರ್‌ವೈಸರನ್ನು ಕೇಳಿ ತಂದು, ಬೊಮ್ಮನಹಳ್ಳಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದೂವರೆ ವರ್ಷ ಬೆಸುಗೆ ಹಾಕಿದ್ದ. ಅಣ್ಣನ ಆಂಪ್ಲಿಫೈಯರು ಎಲ್ಲ ಮೈಕುಗಳ ದನಿಯನ್ನೂ ಒಂದೇ ಮುದ್ದೆ ಮಾಡಿ ಹೊರಗೆಸೆಯುತ್ತಿತ್ತು. ನಾಟಕದಲ್ಲಿ ಯಾರು ಏನು ಹೇಳಿದರೆಂದು ಹಿಂದೆ ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಮಾತು ಮಾತಾಗಿ ಕೇಳಬೇಕು ಎನ್ನುವುದು ಚಿಕ್ಕಬೈರಪ್ಪನ ಹಟ.

ಅಣ್ಣನಿಗೆ ಎದುರಾಡುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಅವನಿಗೆ ಎಂಟು ವರ್ಷ. ಸೈಕಲ್ಲಿಗೆ ಹಾರ್ನ್ ಕಟ್ಟಿಕೊಂಡು ಹೊಸೂರು ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ಮದುವೆ, ಹರಿಕಥೆ, ಚುನಾವಣೆ ಎಂದು ತಿರುಗಿ ಅವನನ್ನು ಐಟಿಐ ಓದಿಸಿದವನು ವೆಂಕಟಪ್ಪ. ಡಬ್ಬ ಜೋಡಿಸುವುದು ತಮ್ಮನ ಕೆಲಸವಾದರೂ ಆಂಪ್ಲಿಫೈಯರಿನ ಮುಂದೆ ಕೂರುವವನು ಅಣ್ಣನೇ.

ಸರ್ಜಾಪುರದಿಂದ ಬಂದ ಮೇಲೆ ಚಿಕ್ಕಬೈರಪ್ಪ ಡಬ್ಬ ಬಿಚ್ಚಿದ. ದೋಷವೇನೂ ಕಾಣಲಿಲ್ಲ. ಮೈಕಿನ ವೈರುಗಳನ್ನು ಬದಲಿಸಿದ. ಮನೆಯಲ್ಲಿ ತಾನೇ ಹಾಕಿ ನೋಡಿದರೆ ತಿಳಿಯಾದ ದನಿ ಬಂತು. ಒಂದು ನಾಮಕರಣಕ್ಕೆ ಒಯ್ದರೆ ಮತ್ತೆ ಸೀಟಿ, ಮತ್ತೆ ಬೈಗುಳ. ಹಾರ್ನ್‌ಗಳನ್ನು ಮೈಕಿನಿಂದ ಇನ್ನಷ್ಟು ದೂರ ಕಟ್ಟಿದ. ಹರಿಕಥೆಯವರು ಅರ್ಧಕ್ಕೇ ಮೈಕು ತೆಗೆಸಿ ಬರಿಗಂಟಲಲ್ಲಿ ಕಥೆ ಮುಗಿಸಿದರು. ನಾಲ್ಕನೆಯ ಸಲ ಬಿಚ್ಚುವಾಗ ಬೆಸುಗೆ ಕಡ್ಡಿಯನ್ನು ಗೋಡೆಗೆ ಎಸೆದುಬಿಟ್ಟ. ಅದು ಮುರಿದು ಬಿತ್ತು. ಆ ಸಂಜೆಯೆಲ್ಲ ಅದನ್ನು ರಿಪೇರಿ ಮಾಡುವುದೇ ಆಯಿತು.

ಇನ್ನು ಹಾರ್ನ್‌ಗಳದೇ ತಪ್ಪಿರಬೇಕೆಂದು ಒಂದು ಭಾನುವಾರ ಬೆಳಿಗ್ಗೆ ಆಸಿಲೇಟರೊಂದನ್ನು ಅಂಗಳದ ಹಾರ್ನಿಗೆ ಜೋಡಿಸಿದ. ಗುಂಡಿ ತಿರುಗಿಸಿದಂತೆ ದಪ್ಪ ಸ್ವರದಿಂದ ಸಣ್ಣ ಸ್ವರದವರೆಗೆ ಎಡೆಬಿಡದೆ ದನಿ ಹೊರಡಿಸುವ ಆ ಪೆಟ್ಟಿಗೆಯೂ ಅವನು ಮಾಡಿದ್ದೇ. ವೆಂಕಟಪ್ಪ ಹಾರ್ನಿನ ಎದುರಿಗೇ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗುಂಯ್ ಎಂದು ಶುರುವಾದ ದನಿ ಏರುತ್ತಾ ಏರುತ್ತಾ ಸೂಜಿಯಷ್ಟು ಚೂಪಾಯಿತು. ಕೋಳಿಗಳು ಚದುರಿದವು. ಒಳಗಿನಿಂದ ಅತ್ತಿಗೆ ಭಾಗ್ಯಮ್ಮ, "ಅಯ್ಯೋ, ನಿಲ್ಸಪ್ಪಾ ಅದ್ನ, ತಲೆ ಸಿಡೀತದೆ!" ಎಂದು ಕೂಗಿಕೊಂಡಳು.

"ಯಾಕ್ಲಾ, ಆಫ್ ಮಾಡ್ಬುಟ್ಟೆ?" ಎಂದು ಕೇಳಿದ ವೆಂಕಟಪ್ಪ.

ಚಿಕ್ಕಬೈರಪ್ಪ ಆಫ್ ಮಾಡಿರಲಿಲ್ಲ. ಹಾರ್ನು ಅಣ್ಣನ ಮುಖಕ್ಕೇ ಕಿರುಚುತ್ತಿತ್ತು. ಅವನು ದನಿಯನ್ನು ಮೆಲ್ಲಗೆ ಇಳಿಸಿದ. "ಆಂ, ಈಗ ಬಂತು ನೋಡು," ಎಂದ ಅಣ್ಣ. ಮತ್ತೆ ಏರಿಸಿದ. ಅದೇ ಜಾಗಕ್ಕೆ ಬಂದಾಗ ವೆಂಕಟಪ್ಪ ಬೂದಿ ಕೊಡವಿ, "ಓಯ್ತು. ಕನೆಕ್ಷನ್ ಲೂಸಿರ್ಬೇಕು ಕಣ್ಲಾ," ಎಂದು ಎದ್ದು ಹೋದ.

ಚಿಕ್ಕಬೈರಪ್ಪನ ಕೈ ಗುಂಡಿಯ ಮೇಲೆಯೇ ನಿಂತಿತು. ಇಪ್ಪತ್ತು ವರ್ಷ ಹಾರ್ನ್‌ಗಳ ಬಾಯಡಿಯೇ ಕೂತ ಕಿವಿ ಅದು. ಸಣ್ಣ ಸ್ವರಗಳು ಅಣ್ಣನಿಗೆ ಕೇಳುತ್ತಿರಲಿಲ್ಲ. ದನಿ ಮಂಕಾಯಿತೆಂದು ಅವನು ಟ್ರೆಬಲ್ಲನ್ನು ತುದಿಯವರೆಗೂ ತಿರುಗಿಸುತ್ತಿದ್ದ. ಅದರಿಂದ ಏಳುತ್ತಿದ್ದ ಸೀಟಿಯೂ ಅವನೊಬ್ಬನಿಗೆ ಕೇಳುತ್ತಿರಲಿಲ್ಲ. ಜನ ಕಿವಿ ಮುಚ್ಚಿಕೊಳ್ಳುವುದನ್ನು ಕಂಡೇ ಅವನು ಡಬ್ಬವನ್ನು ಬೈಯುತ್ತಿದ್ದ.

ಅಡುಗೆಮನೆಗೆ ಹೋಗಿ ಹೇಳಿದರೆ ಭಾಗ್ಯಮ್ಮ ಬೆರಗಾಗಲಿಲ್ಲ.

"ನಂಗೊತ್ತು. ಬಸ್ಸಲ್ಲಿ ಕಂಡಕ್ಟ್ರು ಸೀಟಿ ಊದಿದ್ರೂ ಇವ್ರು ಇನ್ನೂ ಇಳೀತಾನೇ ಇರ್ತಾರೆ. ಎಲ್ಡು ವರ್ಸದಿಂದ ಬರ್ತಾ ಬರ್ತಾ ಎಚ್ಚಾಗದೆ."

"ಗೊತ್ತಿದ್ದೂ ಸುಮ್ನಿದ್ಯಾ ಅತ್ತಿಗೆ? ನಾನು ಡಬ್ಬ ಬಿಚ್ಚಿ ಬಿಚ್ಚಿ ಸಾಯ್ತಾ ಇವ್ನಿ!"

"ಅವ್ರತ್ರ ಯಾರು ಯೋಳ್ತಾರೆ? ಮೈಕ್‌ಸೆಟ್ನೋನ್ಗೆ ಕಿವಿ ಕೇಳಾಕಿಲ್ಲ ಅಂದ್ರೆ ಊರೆಲ್ಲ ನಗ್ತದೆ. ನೀನೂ ಬಾಯ್ಬಿಡ್ಬ್ಯಾಡ ಕಣಪ್ಪಾ."

ಚಿಕ್ಕಬೈರಪ್ಪ ಬಾಯಿಬಿಡಲಿಲ್ಲ. ಆದರೆ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಅಣ್ಣನನ್ನು ಬೈಯುವಂತಿಲ್ಲ, ತನ್ನದಲ್ಲದ ತಪ್ಪನ್ನು ಹೊರುವುದೂ ಆಗದು. ಮುಂದಿನ ತಿಂಗಳು ತಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲೇ ರಾಜ್ಯೋತ್ಸವ. ಕಾರ್ಮಿಕರ ನಾಟಕಕ್ಕೆ ಮೈಕ್‌ಸೆಟ್ ಇವರದೇ. ಅಣ್ಣ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಅವನು ಆಂಪ್ಲಿಫೈಯರನ್ನು ತೆರೆದು, ಟ್ರೆಬಲ್ ಗುಂಡಿಯ ಹಿಂದೆ ಸಣ್ಣದೊಂದು ರೆಸಿಸ್ಟರ್ ಬೆಸೆದ. ಇನ್ನು ಗುಂಡಿಯನ್ನು ಎಷ್ಟು ತಿರುಗಿಸಿದರೂ ದನಿ ಅರ್ಧಕ್ಕಿಂತ ಚೂಪಾಗದು. ಕಳ್ಳತನ ಮಾಡಿದಂತೆ ಅನ್ನಿಸಿ, ತಿರುಪು ಬಿಗಿಯುವಾಗ ಎರಡು ಸಲ ಬಾಗಿಲ ಕಡೆ ನೋಡಿದ.

ರಾಜ್ಯೋತ್ಸವದ ಮಧ್ಯಾಹ್ನ ಕ್ಯಾಂಟೀನಿನ ಶೀಟು ಹೊದಿಸಿದ ಶೆಡ್ಡು ಕಿಕ್ಕಿರಿದಿತ್ತು. ನಾಟಕ ಶುರುವಾಗಿ ಕಾಲು ಗಂಟೆಯಾದರೂ ಸೀಟಿಯಿಲ್ಲ. ಕಂಬಕ್ಕೊರಗಿ ನಿಂತಿದ್ದ ಚಿಕ್ಕಬೈರಪ್ಪ ಆಗಷ್ಟೇ ಉಸಿರು ಬಿಟ್ಟಿದ್ದ. ನೋಡಿದರೆ, ಅಣ್ಣ ಟ್ರೆಬಲ್ಲನ್ನು ಅತ್ತಿಂದಿತ್ತ ತಿರುಗಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಮೈಕುಗಳೆಲ್ಲ ಸತ್ತವು. ವೆಂಕಟಪ್ಪ ಸ್ವಿಚ್ ಆರಿಸಿ ಆಂಪ್ಲಿಫೈಯರನ್ನು ಬಿಚ್ಚತೊಡಗಿದ್ದ.

ಕನ್ನಡ ಸಂಘದ ಕಾರ್ಯದರ್ಶಿ ರಾಮಪ್ರಸಾದ ಪಂಚೆ ಎತ್ತಿಕೊಂಡು ಓಡಿಬಂದ. "ಏನ್ರೀ ಇದು? ನಾಟಕದ ಮಧ್ಯೆ ರಿಪೇರಿನಾ? ಎಂಡಿ ಸಾಹೇಬ್ರು ಮುಂದೇನೇ ಕೂತಿದಾರೆ ಕಣ್ರೀ!"

"ಟ್ರೆಬಲ್ ಸತ್ತೋಗದೆ ಸಾರ್. ಎಲ್ಡೇ ನಿಮಿಸ," ಎಂದ ವೆಂಕಟಪ್ಪ. ಅವನ ಕಣ್ಣಿಗೆ ಹೊಸ ಬೆಸುಗೆ ಕಂಡುಬಿಟ್ಟಿತು. ಹಳೆಯ ವೈರುಗಳ ನಡುವೆ ಅದು ಹೊಳೆಯುತ್ತಿತ್ತು. ಅವನು ನಿಧಾನವಾಗಿ ತಲೆಯೆತ್ತಿದ.

"ನೀನೇನ್ಲಾ ಇದ್ನ ಆಕಿದ್ದು?"

"ಅಣ್ಣ, ಆಮೇಲೆ ಯೋಳ್ತೀನಿ. ಮುಚ್ಚು."

"ನನ್ ಮಿಷನ್‌ಗೆ ನನ್ನ ಕೇಳ್ದೆ ಕೈ ಆಕ್ತೀಯಾ? ನಿನ್ ಡಬ್ಬ ನೆಟ್ಟಗಿಲ್ಲ ಅಂತ ನಂದ್ನೂ ಕೆಡಿಸ್ದಾ?"

ನಾಲ್ಕು ತಿಂಗಳು ನುಂಗಿಕೊಂಡಿದ್ದೆಲ್ಲ ಚಿಕ್ಕಬೈರಪ್ಪನ ಬಾಯಿಗೆ ಬಂತು. "ಡಬ್ಬ ನೆಟ್ಟಗದೆ! ನಿನ್ ಕಿವಿ ನೆಟ್ಟಗಿಲ್ಲ. ಹಾರ್ನ್ ಕಿರುಚೋದು ಊರಿಗೆಲ್ಲ ಕೇಳ್ತದೆ, ನಿಂಗೊಬ್ಬಂಗೆ ಕೇಳಾಕಿಲ್ಲ!"

ಸುತ್ತ ಇದ್ದವರೆಲ್ಲ ತಮ್ಮನ ಶಿಫ್ಟಿನವರೇ. ಯಾರೋ ಒಬ್ಬ ಕಿಸಕ್ಕೆಂದು ನಕ್ಕ. ವೆಂಕಟಪ್ಪ ಕೈಯಲ್ಲಿದ್ದ ತಿರುಪುಳಿಯನ್ನು ಮೇಜಿನ ಮೇಲಿಟ್ಟು ಎದ್ದು, ಶೆಡ್ಡಿನ ತೀರಾ ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತ.

ಚಿಕ್ಕಬೈರಪ್ಪ ಆ ಜಾಗದಲ್ಲಿ ಕೂತ. ಆಂಪ್ಲಿಫೈಯರನ್ನು ಮುಚ್ಚಿ ಆನ್ ಮಾಡಿದ. ನಾಟಕದಲ್ಲಿ ಆ ಹೊತ್ತಿಗೆ ಸೊಸೆಯೊಬ್ಬಳು ಮಾವನಿಗೆ ಮೆಲ್ಲಗೆ ಬುದ್ಧಿ ಹೇಳುವ ದೃಶ್ಯ. ಅವಳ ಮೈಕನ್ನು ಕೂದಲೆಳೆಯಷ್ಟು ಏರಿಸಿ ಉಳಿದವನ್ನು ಇಳಿಸಿದ. ಪಿಸುಮಾತು ಕೊನೆಯ ಬೆಂಚಿಗೂ ಮುಟ್ಟಿತು, ಶೆಡ್ಡು ಗಪ್ಪಾಯಿತು. ಎರಡು ವರ್ಷದಿಂದ ಅವನು ಕಾದದ್ದು ಇದಕ್ಕೇ. ಆದರೆ ಅವನ ಕಣ್ಣು ಹಿಂದಿನ ಗೋಡೆಯ ಕಡೆಗೇ ಹೋಗುತ್ತಿತ್ತು. ಜನ ನಕ್ಕಾಗ ಅಣ್ಣ ಅಕ್ಕಪಕ್ಕದವರ ಮುಖ ನೋಡಿ, ಅವರಿಗಿಂತ ಒಂದು ಗಳಿಗೆ ತಡವಾಗಿ ತಾನೂ ನಗುತ್ತಿದ್ದ.

ಮುಗಿದ ಮೇಲೆ ರಾಮಪ್ರಸಾದ ಬಂದು ಕೈ ಕುಲುಕಿದ. "ಸಕ್ಕತ್ತಾಗಿತ್ತು ಕಣಯ್ಯಾ. ಒಂದೊಂದು ಮಾತೂ ಕೇಳಿಸ್ತು." ಚಿಕ್ಕಬೈರಪ್ಪನಿಗೆ ಅದು ಹಿತವಾಗಲಿಲ್ಲ.

ಹೊಸೂರು ರಸ್ತೆಯಲ್ಲಿ ಟೆಂಪೋದ ಹಿಂಬದಿ ಹಾರ್ನ್‌ಗಳ ನಡುವೆ ಇಬ್ಬರೂ ಕೂತಿದ್ದರು. ಬೇಗೂರಿನ ತಿರುವು ದಾಟಿದ ಮೇಲೆ ಚಿಕ್ಕಬೈರಪ್ಪ ಅಣ್ಣನ ಕಡೆ ತಿರುಗಿದ.

"ಅಣ್ಣ, ಅಷ್ಟು ಜನದ ಮುಂದೆ ಅಂಗೆ ಅನ್ಬಾರ್ದಾಗಿತ್ತು. ತಪ್ಪಾಯ್ತು."

ವೆಂಕಟಪ್ಪ ರಸ್ತೆ ನೋಡುತ್ತಲೇ ಇದ್ದ. ಕೇಳಿಸಲಿಲ್ಲವೇನೋ ಎಂದು ತಮ್ಮ ಬಾಗಿ ಜೋರಾಗಿ ಮತ್ತೊಮ್ಮೆ ಹೇಳಿದ.

"ಕಿರುಚ್ಬ್ಯಾಡ. ಕೇಳ್ತು," ಎಂದ ವೆಂಕಟಪ್ಪ. ಪಕ್ಕದ ಹಾರ್ನಿನ ಧೂಳು ಒರೆಸುತ್ತಾ, "ಚೆನ್ನಾಗಿತ್ತು ಅಂದ್ರಲ್ಲ ಎಲ್ರೂ. ನಂಗೆ ಒಂದು ಮಾತೂ ತಿಳೀನಿಲ್ಲ ಕಣ್ಲಾ. ಏನೋ ಕಂಬಳಿ ಮುಸುಕಾಕ್ಕೊಂಡು ಮಾತಾಡ್ದಂಗಿತ್ತು," ಎಂದ.

"ದೊಡ್ಡಾಸ್ಪತ್ರೇಲಿ ಒಂದ್ಸಲ ತೋರ್ಸನಾ? ನಾನೂ ಬತ್ತೀನಿ."

"ತೋರ್ಸಿ? ಕಿವಿಗೆ ಮಿಷನ್ನು ಇಟ್ಕೊಂಡು ಮೈಕ್‌ಸೆಟ್ ಕಟ್ಲಾ?" ಅವನು ಮುಖ ತಿರುಗಿಸಿದ. "ಬರೋ ವಾರ ಹೆಬ್ಬಗೋಡಿ ಮದ್ವೆಗೆ ನೀ ಬರ್ಬ್ಯಾಡ. ಡಬ್ಬಾನೂ ಬ್ಯಾಡ."

ಮದುವೆಯ ದಿನ ಬೆಳಿಗ್ಗೆ ವೆಂಕಟಪ್ಪ ಒಬ್ಬನೇ ಟೆಂಪೋಗೆ ಸಾಮಾನು ತುಂಬಿದ. ಚಿಕ್ಕಬೈರಪ್ಪ ವೈರಿನ ಸುರುಳಿ ಎತ್ತಿಕೊಡಲು ಹೋದರೆ ಅವನ ಕೈಯಿಂದ ಅದನ್ನು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಸುಮ್ಮನೆ ತೆಗೆದುಕೊಂಡ. ಟೆಂಪೋ ತಿರುಗಿ ಮರೆಯಾಯಿತು. ಭಾಗ್ಯಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಾನೇನ್ ಮಾಡ್ಲಿ ಅತ್ತಿಗೆ? ಸುಮ್ನಿದ್ರೂ ತಪ್ಪು, ಯೋಳಿದ್ರೂ ತಪ್ಪು."

"ಉಣ್ಣಾಕೆ ಬಾ, ಶಿಫ್ಟಿಗೆ ಒತ್ತಾಯ್ತದೆ," ಎಂದಳು.

ಅವನು ತಟ್ಟೆಯ ಮುಂದೆ ಕೂತ. ಎರಡು ತುತ್ತು ತಿಂದು, ಕೈ ತೊಳೆದುಕೊಂಡು ಬಸ್ ಸ್ಟಾಪಿಗೆ ನಡೆದ.