ಹಬೆಯ ಮೇಜು

ಮೊದಲ ಸಲ ಲೇಸರ್ ಮಾಡಿಸಿಕೊಂಡಾಗ ನನ್ನ ತಂಗಿಯ ಮಗಳ ಕೆನ್ನೆ ನಿಜವಾಗಿಯೂ ಚೆನ್ನಾಯಿತು. ಮೊಡವೆ ಬಿಟ್ಟುಹೋದ ಹಳ್ಳಗಳು ಅರ್ಧಕ್ಕರ್ಧ ತುಂಬಿದವು. ಆಗ ಲಾಂಡ್ರಿಯ ಬಾಯ್ಲರು ಕೆಟ್ಟು ಹತ್ತು ದಿನ ನಮಗೆಲ್ಲ ರಜೆಯಿತ್ತು. ಅದು ಎಂಥ ಅದೃಷ್ಟವೆಂದು ಯಾರಿಗೂ ತಿಳಿಯಲಿಲ್ಲ.

ನಾವಿಬ್ಬರೂ ಅಲ್ಲೇ ದುಡಿಯುವವರು. ಅವಳು ಹಬೆ ಇಸ್ತ್ರಿಯ ಮೇಜಿನಲ್ಲಿ, ನಾನು ಮೂರು ಹೆಜ್ಜೆ ಆಚೆ ಶೀಟು ಮಡಚುವುದರಲ್ಲಿ. ಕೌಂಟರಿನವಳು ಸದ್ಯದಲ್ಲೇ ಕೆಲಸ ಬಿಡುವವಳಿದ್ದಳು. ಆ ಕುರ್ಚಿಯ ಮೇಲೆ ನಮ್ಮ ಹುಡುಗಿಗೆ ಕಣ್ಣು. ಮಾಲೀಕಳು ಒಮ್ಮೆ ಅವಳ ಮುಖ ನೋಡಿ, "ಗಿರಾಕಿಗಳ ಮುಂದೆ ಕೂರೋರು ಸ್ವಲ್ಪ ನೀಟಾಗಿರ್ಬೇಕಮ್ಮ" ಅಂದಿದ್ದಳು. ಆ ಮಾತು ಅವಳೊಳಗೆ ಮುಳ್ಳಿನಂತೆ ಕೂತಿತ್ತು.

ಎರಡನೆಯ ಸಲ ನಾನೂ ಜೊತೆಗೆ ಹೋದೆ. ಡಾಕ್ಟರು ಬಿಡಿಸಿ ಹೇಳಿದರು: ಮುಖ ಕೆಂಪಾಗುತ್ತದೆ, ಊದುತ್ತದೆ, ಹಕ್ಕಳೆ ಕಟ್ಟುತ್ತದೆ, ಅದನ್ನು ಕೀಳಬಾರದು, ಮುಲಾಮು ತಪ್ಪಿಸಬಾರದು, ಇಂಥ ಬಣ್ಣದ ಚರ್ಮಕ್ಕೆ ಕಪ್ಪು ಕಲೆ ಬೀಳುವ ಭಯ ಹೆಚ್ಚು.

"ಬಿಸಿಲಲ್ಲಿ ಓಡಾಡೋ ಕೆಲ್ಸಾನಾ?"

"ಇಲ್ಲ ಡಾಕ್ಟ್ರೇ, ಬೆಳಿಗ್ಗೆಯಿಂದ ಸಂಜೆವರೆಗೂ ಒಳಗೇ."

ನಾನೂ ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ! ನಲವತ್ತು ವರ್ಷ ಹಬೆಯಲ್ಲೇ ಬೆಂದವಳಿಗೆ ಹಬೆಯೂ ಹೇಳಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ.

ಮೂರನೆಯ ದಿನ ಅವಳು ಮೇಜಿಗೆ ಬಂದು ನಿಂತಳು.

"ಏನೇ, ಒಳ್ಳೇ ಟೊಮೇಟೊ ಹಣ್ಣಾಗಿದೀಯ," ಎಂದೆ.

"ನಗಿಸ್ಬೇಡ ದೊಡ್ಡಮ್ಮ, ಚರ್ಮ ಬಿರಿಯುತ್ತೆ. ಇರು, ಕೌಂಟರಲ್ಲಿ ಕೂತ್ಮೇಲೆ ನಿನ್ನ ಕೈಲೂ ಸಲಾಮು ಹೊಡೆಸ್ಕೊಳ್ತೀನಿ."

ಪೆಡಲು ತುಳಿದಾಗಲೆಲ್ಲ ಹಬೆ ಬುಸ್ಸೆಂದು ಅವಳ ಮುಖಕ್ಕೇ ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮುಲಾಮು ಕರಗಿ ಕುತ್ತಿಗೆಗೆ ಇಳಿದಿತ್ತು. ಐದನೆಯ ದಿನ, ಮೆತ್ತಗಾದ ಹಕ್ಕಳೆ ಬಿಳಿ ಶೀಟಿನ ಮೇಲೆ ಉದುರಿತು. ಅದನ್ನು ಬೆರಳಿಂದ ಒರೆಸಿಹಾಕಿ, "ಎಷ್ಟು ಬೇಗ ವಾಸಿಯಾಗ್ತಿದೆ ನೋಡು" ಎಂದಳು. ನಾನು ನೋಡಿದೆ, ನಂಬಿದೆ.

ಮೂರನೆಯ ವಾರ ಎಡಗೆನ್ನೆಯ ಮೇಲೊಂದು ನೆರಳು ಕಂಡಿತು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದೆ, ನೆರಳು ಹೋಗಲಿಲ್ಲ. ವಾರದೊಳಗೆ ಅದು ಗದ್ದಕ್ಕೂ ಹಣೆಗೂ ಹಬ್ಬಿತು.

ಮತ್ತೆ ಡಾಕ್ಟರ ಬಳಿ ಹೋದಾಗ ಮಾತಿಗೆ ಮಾತು ಬಂದು ಇಸ್ತ್ರಿ ಮೇಜಿನ ಸುದ್ದಿ ಹೊರಬಿತ್ತು. "ಹಬೆನಾ? ದಿನಾ ಎಷ್ಟು ಹೊತ್ತು?" ಡಾಕ್ಟರು ಪೆನ್ನು ಕೆಳಗಿಟ್ಟರು. ಇನ್ನು ಲೇಸರ್ ಸದ್ಯಕ್ಕಿಲ್ಲ. ಕ್ರೀಮು ಹಚ್ಚಿದರೆ ತಿಂಗಳುಗಟ್ಟಲೆ ಕಾದ ಮೇಲೆ ಕಲೆ ತಿಳಿಯಾಗಬಹುದು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. "ಮೊದ್ಲು ಆ ಹಬೆಯಿಂದ ದೂರ ಬನ್ನಿ. ಇಲ್ದಿದ್ರೆ ಇನ್ನೂ ಕಪ್ಪಾಗುತ್ತೆ."

ಹುಡುಗಿ ನೇರವಾಗಿ ಮಾಲೀಕಳ ಬಳಿಗೇ ಹೋದಳು. "ಅಕ್ಕ, ನನ್ನನ್ನ ಇವತ್ತಿಂದ್ಲೇ ಕೌಂಟರಿಗೆ ಹಾಕಿ."

ಮಾಲೀಕಳು ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ದನಿಯಲ್ಲಿ ಕರುಣೆಯೇ ಇತ್ತು. "ಮುಖ ಸರಿಹೋಗ್ಲಿ ಕಣಮ್ಮ. ಅಲ್ಲೀವರೆಗೂ ಇಸ್ತ್ರೀನೇ ಮಾಡ್ತಿರು."

ನಾನು ಅವಳನ್ನು ಶೀಟುಗಳ ಕಡೆಗೆ ತಳ್ಳಿ ಹಬೆಯ ಮೇಜಿಗೆ ನಿಂತೆ.

"ನಿನ್ನ ಮಂಡಿ ನೋವು, ದೊಡ್ಡಮ್ಮ?"

"ಮಂಡಿ ಯಾರು ನೋಡ್ತಾರೆ? ನೀನು ಮಡಚು."

ಪೆಡಲು ತುಳಿದೆ. ಹಬೆ ಎದ್ದು ತಗ್ಗಾದ ಚಾವಣಿಗೆ ಬಡಿಯಿತು, ಅಲ್ಲಿಂದ ಇಡೀ ಕೋಣೆಗೆ ಹರಡಿತು. ಬಣ್ಣ ಬಳಿದು ಕಚ್ಚಿಕೊಂಡಿದ್ದ ಕಿಟಕಿ ಎಳೆದರೂ ತೆರೆಯಲಿಲ್ಲ. ತಿರುಗಿ ನೋಡಿದೆ. ಮೂರು ಹೆಜ್ಜೆ ಆಚೆ ಅವಳು ಕೈಯ ಹಿಂಬದಿಯಿಂದ ಮುಖದ ತೇವ ಒರೆಸಿಕೊಂಡಳು. ಒಂದು ಶೀಟು ಮಡಚಿದಳು. ಮತ್ತೆ ಒರೆಸಿಕೊಂಡಳು.