ಶಾರದವ್ವನ ಹೊಲದಲ್ಲಿ ಎದ್ದ ನೊರೆ

ಸುಧಾರಾಣಿ ಮುಂಬಯಿಯ ಒಂದು ತೈಲ ಕಂಪನಿಯಲ್ಲಿ ಎಂಜಿನಿಯರ್. ಸಮುದ್ರದ ತಳದಲ್ಲಿ ಎಣ್ಣೆಬಾವಿ ಕೊರೆಯುವಾಗ ಉಕ್ಕಿನ ಕೊಳವೆ ಎಷ್ಟು ತಿರುಚನ್ನು ತಾಳೀತು, ಮೇಲಕ್ಕೆ ಎಳೆಯುವಾಗ ಬಾವಿಯ ಗೋಡೆ ಅದನ್ನು ಎಷ್ಟು ಹಿಡಿದುಕೊಂಡೀತು, ಕೊರೆದ ಕಲ್ಲುಪುಡಿಯನ್ನು ಹೊರಗೆ ಹೊತ್ತು ತರಲು ಒಳಗೆ ಎಷ್ಟು ಜೋರಾಗಿ ರಾಡಿನೀರು ಹರಿಸಬೇಕು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ರಾಣೆಬೆನ್ನೂರಿನಲ್ಲಿರುವ ಅವಳ ಸೋದರಮಾವ ರುದ್ರಮುನಿಗೂ ಕೊರೆಯುವುದೇ ಕಸುಬು. ಅವನ ಬೋರ್‌ವೆಲ್ ಲಾರಿ ಕಾಲಿಡದ ಹೊಲ ಹಾವೇರಿಯಿಂದ ಹಲಗೇರಿಯವರೆಗೆ ಹುಡುಕಿದರೂ ಕಡಿಮೆಯೇ. ಸೊಸೆಯ ಬಗ್ಗೆ ಅವನಿಗೆ ಹೆಮ್ಮೆ ಎಷ್ಟಿತ್ತೋ ತಕರಾರೂ ಅಷ್ಟೇ ಇತ್ತು.

"ಬಾವಿ ಇರೂದು ಸಮುದ್ರದಾಗ, ನೀ ಇರೂದು ಮುಂಬಯ್ಯಾಗ, ಅದೂ ಎಸಿ ಕೋಣ್ಯಾಗ," ಎಂದು ಅವನು ಛೇಡಿಸುತ್ತಿದ್ದ. "ರಾಡ್ ಕೈಲೆ ಮುಟ್ಟದ ಬಾವಿ ಕೊರಿಯಾವ್ರನ್ನ ನಾ ಇವತ್ತಿಗೂ ಕಂಡಿಲ್ಲ ಬಿಡವ್ವ."

"ನಾ ಕೊರಿಯಾಕಿ ಅಲ್ಲ ಮಾಮಾ, ಲೆಕ್ಕ ಮಾಡಾಕಿ."

"ಲೆಕ್ಕದಾಗ ನೀರು ಬೀಳ್ತೈತೇನು?"

ಈ ಸಲ ರಜೆಗೆ ಬಂದವಳನ್ನು ಅವನು ಬಿಡಲಿಲ್ಲ. ಬೆಳಿಗ್ಗೆ ಚಹಾ ಕುಡಿದದ್ದೇ ತಡ, ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೋಟೆಬೆನ್ನೂರಿನ ಶಾರದವ್ವನ ಹೊಲಕ್ಕೆ ಹೊರಟೇಬಿಟ್ಟ.

ಶಾರದವ್ವ ಹೆದ್ದಾರಿ ಪಕ್ಕದ ಹೊಲದಲ್ಲಿ ಹಸಿರು ಬಲೆಯ ಮನೆ ಕಟ್ಟಿ ಟೊಮೆಟೊ ಬೀಜ ಬೆಳೆಯುವ ಗಟ್ಟಿಗಿತ್ತಿ. ಬೋರು ಹಾಕಿಸುವ ದಿನ ಪ್ಲಾಸ್ಟಿಕ್ ಕುರ್ಚಿ ತರಿಸಿ, ಛತ್ರಿ ಬಿಚ್ಚಿ, ಲಾರಿಯ ಎದುರಿಗೇ ಕುಳಿತಿದ್ದಳು. ಪಕ್ಕದ ಕಣದಲ್ಲಿ ಶಂಕ್ರಪ್ಪ ಒಣಮೆಣಸಿನಕಾಯಿ ಹರವಿ, ಧೂಳು ಇತ್ತ ಬಂದೀತೆಂದು ಆಗಲೇ ಗೊಣಗುತ್ತಿದ್ದ.

ತೆಂಗಿನಕಾಯಿ ಒಡೆದು ಕೆಲಸ ಶುರುವಾಯಿತು. ಟೊಳ್ಳು ರಾಡಿನ ಒಳಗಿಂದ ಗಾಳಿ ನುಗ್ಗಿ, ತುದಿಯ ಹ್ಯಾಮರ್ ಕಲ್ಲು ಕುಟ್ಟಿ, ಪುಡಿ ಕುಣಿಯ ಬಾಯಿಂದ ಹೊಗೆಯ ಹಾಗೆ ಎದ್ದಿತು. ಸುಧಾರಾಣಿ ಕಿವಿಗೆ ಹತ್ತಿ ತುರುಕಿಕೊಂಡು ನೋಡುತ್ತ ನಿಂತಳು. ಊಟದ ಹೊತ್ತು ಸಮೀಪಿಸಿದಂತೆ ಅವಳಿಗೆ ಒಂದು ಅನುಮಾನ ಬಂತು. ರಾಡು ಮೊದಲಿನ ವೇಗದಲ್ಲೇ ಇಳಿಯುತ್ತಿದೆ, ಹೊರಗೆ ಬರುವ ಪುಡಿ ಮಾತ್ರ ತೆಳ್ಳಗಾಗಿದೆ.

"ಮಾಮಾ, ಕೊರದದ್ದೆಲ್ಲಾ ಮ್ಯಾಲೆ ಬರವಲ್ದು. ಒಳಗ ಕುಂದ್ರಾಕತ್ತೈತಿ."

"ಬರ್ತೈತಿ ಬರ್ತೈತಿ," ಎಂದು ರುದ್ರಮುನಿ ಕೈಯಾಡಿಸಿದ.

ಬರಲಿಲ್ಲ. ಲಾರಿ ಒಮ್ಮೆ ಮೈ ನಡುಗಿಸಿ ಮುಲುಕಿತು. ಮೀಟರಿನ ಮುಳ್ಳು ಜಿಗಿದು ಕೆಂಪು ಗೆರೆ ಮುಟ್ಟಿತು. ತಿರುಗುತ್ತಿದ್ದ ರಾಡು ಗಕ್ಕನೆ ನಿಂತುಬಿಟ್ಟಿತು. ರುದ್ರಮುನಿ ಬೀಡಿ ಬಿಸಾಕಿ ಓಡಿ, ಲಿವರ್ ಹಿಡಿದು ರಾಡನ್ನು ಮೇಲಕ್ಕೆ ಎಳೆದ. ಇನ್ನೂ ಎಳೆದ. ರಾಡು ಅಲ್ಲಾಡಲಿಲ್ಲ, ಲಾರಿಯ ಜಾಕುಗಳು ಎರೆಮಣ್ಣಿನಲ್ಲಿ ಹೂತುಕೊಳ್ಳತೊಡಗಿದವು.

ಶಾರದವ್ವ ಛತ್ರಿ ಪಕ್ಕಕ್ಕೆ ಸರಿಸಿದಳು. "ಏನೋ ರುದ್ರಮುನಿ, ರಾಡ್ ಮ್ಯಾಲೆ ಬರ್ತೈತೋ, ನಿನ್ನ ಲಾರಿ ಕೆಳಗ ಹೊಕ್ಕೈತೋ?"

"ಜಗ್ಗಬ್ಯಾಡ್ರಿ ಮಾಮಾ!" ಸುಧಾರಾಣಿ ಕೂಗಿದಳು. "ಜಗ್ಗಿದಷ್ಟು ಬಿಗಿ ಆಕ್ಕೈತಿ. ರಾಡ್ ಹರದ್ರ ಹ್ಯಾಮರ್ ಒಳಗ ಉಳೀತೈತಿ."

ರುದ್ರಮುನಿ ಬೆವರು ಒರೆಸಿಕೊಂಡ. ಅದು ಅವನಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಕೈ ಮಾತು ಕೇಳಿರಲಿಲ್ಲ. "ಮತ್ತೇನ್ ಮಾಡೂಣು, ಹೇಳು."

"ಕೈ ಬಾತಾಗ ಬಳಿ ಜಗ್ಗಿದ್ರ ಬರ್ತಾವೇನು?"

"ಸೋಪು ಹಚ್ಚಬೇಕು," ಎಂದಳು ಶಾರದವ್ವ ಕುರ್ಚಿಯಿಂದಲೇ.

"ಅದ ನೋಡ್ರಿ! ಪುಡಿ ಹ್ಯಾಮರ್ ಮ್ಯಾಲೆ ಕುಂತು ಗಟ್ಟಿ ಆಗೇತಿ. ಬರೇ ಗಾಳಿಗೆ ಅದು ಏಳೂದಿಲ್ಲ. ಸೋಪಿನ ನೀರು ಬಿಟ್ರ ನೊರಿ ಅದನ್ನ ಹೊತ್ಕೊಂಡು ಬರ್ತೈತಿ."

"ಸೋಪು ನಮಗೂ ಗೊತ್ತೈತಿ. ದಾರಿ ಮುಚ್ಚಿದ ಮ್ಯಾಲೆ ನೊರಿ ಎಲ್ಲಿಂದ ಬರ್ತೈತಿ?" ಎಂದ ರುದ್ರಮುನಿ.

ಸುಧಾರಾಣಿ ಕುಣಿಯ ಬಾಯಿಗೆ ಅಂಗೈ ಹಿಡಿದು ತೋರಿಸಿದಳು. ತೆಳುವಾಗಿ ಗಾಳಿ ಸೂಸುತ್ತಿತ್ತು, ಅಂದರೆ ದಾರಿ ಪೂರ್ತಿ ಮುಚ್ಚಿರಲಿಲ್ಲ. ರುದ್ರಮುನಿಯೂ ಕೈ ಹಿಡಿದು ನೋಡಿದ, ತಲೆಯಾಡಿಸಿದ. ಸುಧಾರಾಣಿ ಮೊಬೈಲ್ ತೆಗೆದು ಟಕಟಕ ಲೆಕ್ಕ ಹಾಕಿ ಎಷ್ಟು ಸೋಪಿನ ಪುಡಿ ಬೇಕೆಂದು ಹೇಳಿದಳು. ಅದನ್ನು ಕೇಳಿ ಲಾರಿಯ ಆಳು ದುರುಗೇಶ ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಬೈಕ್ ಹತ್ತಿ ಹೋದವನು, ಊರಿನ ಅಂಗಡಿಗಳನ್ನೆಲ್ಲ ಬರಿದು ಮಾಡಿ ಚೀಲ ತುಂಬ ಪ್ಯಾಕೆಟ್ ತಂದ.

"ಇಷ್ಟ್ಯಾಕ ಯವ್ವಾ?" ರುದ್ರಮುನಿ ಕೇಳಿದ.

"ಲೆಕ್ಕ ಐತಿ ಮಾಮಾ."

"ಹಂಗಾರ ಲಿವರೂ ನೀನ ಹಿಡಿ."

ಅವಳು ತಡವರಿಸಿದಳು. ತಿರುಚು, ಎಳೆತಗಳನ್ನು ಅವಳು ಇಷ್ಟು ವರ್ಷ ಕಂಡಿದ್ದು ಪರದೆಯ ಮೇಲಿನ ಗೆರೆಗಳಾಗಿ. ಈಗ ಲಿವರ್ ಮುಟ್ಟಿದರೆ, ಹಗ್ಗಕ್ಕೆ ಸಿಕ್ಕಿದ ಎಳೆಗರುವಿನಂತೆ ಅದು ಅಂಗೈಯಲ್ಲೇ ಕೊಸರಾಡಿತು. ನೆಲದಡಿಯ ಅಷ್ಟೂ ಉಕ್ಕು ತನ್ನ ಬೆರಳಿಗೆ ಜೋತುಬಿದ್ದಿದೆ ಅನ್ನಿಸಿತು. ಹಿಂದೆ ನಿಂತ ರುದ್ರಮುನಿ ಅವಳ ಕೈಮೇಲೆ ಕೈಯಿಟ್ಟ.

"ಹೆದರಬ್ಯಾಡ. ಸಾವಕಾಶ ಕೆಳಗ ಬಿಡು. ಹಾಂ, ಈಗ ಸ್ವಲ್ಪ ತಿರುವು. ಮುಳ್ಳು ನೋಡು, ನನ್ನ ಮಾರಿ ಅಲ್ಲ."

ಸೋಪಿನ ನೀರು ಒಳಗಿಳಿಯಿತು. ಕೆಳಗೆ, ಮೇಲೆ, ಮತ್ತೆ ಕೆಳಗೆ. ಮುಳ್ಳು ಕೆಂಪಿನ ಹತ್ತಿರ ಹೋದಾಗಲೆಲ್ಲ ಅವಳು ಸಡಿಲ ಬಿಟ್ಟಳು. ಕಡೆಗೆ ರಾಡು ಒಂದು ಬೆರಳಿನಷ್ಟು ತಿರುಗಿತು. ಆಮೇಲೆ ಅರ್ಧ ಸುತ್ತು. ಆಮೇಲೆ ಬಿಡುಗಡೆಯಾಗಿ ಗಿರ್ರನೆ ಸುತ್ತತೊಡಗಿತು.

"ಬಿಟ್ತು! ಬಿಟ್ತು!" ದುರುಗೇಶ ಕುಣಿದ.

ಅಷ್ಟರಲ್ಲಿ ನೊರೆ ಬಂತು. ಮೊದಲು ಬೂದುಬಣ್ಣದ ಮುದ್ದೆ, ಹಿಂದೆಯೇ ಬಿಳಿಯದು, ಲಾರಿಗಿಂತ ಎತ್ತರಕ್ಕೆ. ನಿಲ್ಲುವ ಲಕ್ಷಣವೇ ಇಲ್ಲ. ಲಾರಿಯನ್ನು ಮುಚ್ಚಿತು, ಬಲೆಯ ಮನೆಗೆ ಟೋಪಿ ತೊಡಿಸಿತು, ಶಾರದವ್ವನ ಛತ್ರಿಯ ಮೇಲೆ ಇನ್ನೊಂದು ಛತ್ರಿ ಕಟ್ಟಿತು. ಶಂಕ್ರಪ್ಪ ಮೆಣಸಿನಕಾಯಿಯ ಮೇಲೆ ತಾಡಪತ್ರಿ ಎಳೆದು, ಅದರ ಮೇಲೆ ತಾನೇ ಅಂಗಾತ ಬಿದ್ದು ಕಾವಲು ಮಲಗಿದ. ಹೆದ್ದಾರಿಯಲ್ಲಿ ಹೋಗುತ್ತಿದ್ದವರು ಗಾಡಿ ನಿಲ್ಲಿಸಿ ಫೋಟೊ ತೆಗೆದರು.

ರುದ್ರಮುನಿ ಮೀಸೆಯ ನೊರೆ ಒರೆಸಿಕೊಂಡು ಕೇಳಿದ, "ಸುಧಾ, ಎಷ್ಟು ಅಗಲದ ಬಾವಿಗೆ ಲೆಕ್ಕ ಹಾಕಿದಿ?"

ಅವಳು ನಾಲಿಗೆ ಕಚ್ಚಿಕೊಂಡಳು. "ಸಮುದ್ರದ್ದು, ಮಾಮಾ."

ಅವನು ಅವಳನ್ನೊಮ್ಮೆ, ನೊರೆಯನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ಜಾಕಿನ ಮೇಲೆ ಕುಸಿದು ನಕ್ಕ. ಶಾರದವ್ವ ಬೈಯಲು ಬಾಯಿ ತೆರೆದಳು, ಒಂದು ಗುಳ್ಳೆ ಮೂಗಿನ ಮೇಲೆ ಬಂದು ಒಡೆದದ್ದೇ ಅವಳಿಗೂ ನಗು ತಡೆಯಲಾಗಲಿಲ್ಲ.

ಕುಣಿ ಸ್ವಚ್ಛವಾದ ಮೇಲೆ ಮತ್ತೆ ಕೊರೆದರು. ಇಳಿಹೊತ್ತಿಗೆ ನೀರು ಬಿತ್ತು. ಅದೂ ನೊರೆಯಾಗಿಯೇ ಬಂದದ್ದರಿಂದ ಯಾರಿಗೂ ಬೇಗ ತಿಳಿಯಲಿಲ್ಲ, ಶಾರದವ್ವ ಬೊಗಸೆಯಲ್ಲಿ ಹಿಡಿದು, "ಇದು ತಣ್ಣಗೈತಿ, ನೀರ ಇದು!" ಎಂದು ಕೂಗಿದಾಗಲೇ ಗೊತ್ತಾಗಿದ್ದು. ಎಲ್ಲರನ್ನೂ ಬಲೆಯ ಮನೆಯ ನೆರಳಲ್ಲಿ ಕೂರಿಸಿ ಅವಳು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಮುನಿಸಿಕೊಂಡಿದ್ದ ಶಂಕ್ರಪ್ಪನೂ ಮೂರನೆಯ ಸಲ ಕರೆದಾಗ ಬಂದು ಕೂತ.

ರಾಣೆಬೆನ್ನೂರಿಗೆ ಮರಳುವಾಗ ಸುಧಾರಾಣಿ ಸೀಟಿನಲ್ಲೇ ನಿದ್ದೆಹೋದಳು. ಅಂಗೈಯೆಲ್ಲ ಗ್ರೀಸು, ಕೂದಲಲ್ಲಿ ಒಣಗಿದ ಕಲ್ಲುಪುಡಿ. ರುದ್ರಮುನಿ ರಸ್ತೆಯ ಪ್ರತಿ ಉಬ್ಬಿಗೂ ಲಾರಿಯನ್ನು ನಿಧಾನ ಮಾಡಿ, ಹಿಂದೆ ಹಾರ್ನ್ ಹೊಡೆಯುವವರನ್ನೆಲ್ಲ ಕೈಸನ್ನೆಯಲ್ಲೇ ಮುಂದೆ ಕಳಿಸುತ್ತ, ಅವಳಿಗೆ ಎಚ್ಚರವಾಗದ ಹಾಗೆ ಮನೆ ಮುಟ್ಟಿಸಿದ.